48 ಕ್ಷಿಪಣಿ, 37 ಸೆಕೆಂಡು: ಫ್ರಾನ್ಸಿನ ವಾಯುರಕ್ಷಣಾ ನೌಕೆ ಫೋರ್ಬಿನ್

ಓದುಗರ ಪ್ರಶ್ನೆ: ಭಾರತ-ಫ್ರಾನ್ಸ್ ನೌಕಾಪಡೆಗಳ ‘ವರುಣ’ ಸಮರಾಭ್ಯಾಸದ ಸುದ್ದಿಗಳಲ್ಲಿ ಫ್ರಾನ್ಸಿನ ಫೋರ್ಬಿನ್, ಷೆವಾಲಿಯೆ ಪೋಲ್ ಎಂಬ ಹಡಗುಗಳ ಹೆಸರು ಓದಿದ್ದೇನೆ. ಏಳು ಸಾವಿರ ಟನ್ನಿನ ಹಡಗು, ಅದರಲ್ಲಿ ಬರೀ 48 ವಿಮಾನನಿರೋಧಕ ಕ್ಷಿಪಣಿ. ಆಕಾಶ ಕಾಯುವುದಕ್ಕೆಂದೇ ಇಷ್ಟು ದೊಡ್ಡ ಹಡಗು ಯಾಕೆ ಬೇಕು? ಶಬ್ದಕ್ಕಿಂತ ಎರಡು ಮೂರು ಪಟ್ಟು ವೇಗದಲ್ಲಿ ಬರುವ ಕ್ಷಿಪಣಿಯನ್ನು ಇದು ನಿಜಕ್ಕೂ ತಡೆಯುತ್ತದೆಯೇ? ಅಷ್ಟು ಒಳ್ಳೆಯದಾದರೆ ಎರಡೇ ಯಾಕೆ ಕಟ್ಟಿದರು? ನಮ್ಮ ಐಎನ್‌ಎಸ್ ಕೋಲ್ಕತ್ತಾ ಪಕ್ಕದಲ್ಲಿ ಇಟ್ಟು ನೋಡಿದರೆ ಹೇಗೆ?

ಉತ್ತರ:

48 ಎಂಬ ಅಂಕಿಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಅದಕ್ಕೆ ಆಮೇಲೆ ಬರೋಣ, ಬರಲೇಬೇಕು. ಆದರೆ ವಾಯುರಕ್ಷಣಾ ಹಡಗನ್ನು ಮೊದಲು ಅಳೆಯಬೇಕಾದದ್ದು ಸೆಕೆಂಡಿನಲ್ಲಿ. ಫೋರ್ಬಿನ್‌ನ ಎತ್ತರ, ಅದರ ಎರಡು ರೇಡಾರು, ಅದರ ಕ್ಷಿಪಣಿ ತಿರುಗುವ ರೀತಿ, ಎಲ್ಲವೂ ಬೆರಳೆಣಿಕೆಯ ಸೆಕೆಂಡು ಉಳಿಸುವುದಕ್ಕಾಗಿ ಹುಟ್ಟಿದವು. ಅದನ್ನು ಒಂದು ಲೆಕ್ಕದಿಂದಲೇ ತೋರಿಸುತ್ತೇನೆ.

ಭೂಮಿ ದುಂಡಗಿದೆ. ರೇಡಾರ್ ಎಷ್ಟೇ ಬಲಶಾಲಿಯಾದರೂ ಕ್ಷಿತಿಜದ ಆಚೆ ಇಳಿಜಾರಿನಲ್ಲಿ ಇರುವುದು ಅದಕ್ಕೆ ಕಾಣದು. ಎಷ್ಟು ದೂರ ಕಾಣುತ್ತದೆ ಎನ್ನುವುದಕ್ಕೆ ಸುಲಭ ಸೂತ್ರ ಇದೆ: ಆಂಟೆನಾ ಎತ್ತರದ ವರ್ಗಮೂಲ, ಗುರಿಯ ಎತ್ತರದ ವರ್ಗಮೂಲ, ಎರಡನ್ನೂ ಕೂಡಿಸಿ 4.12ರಿಂದ ಗುಣಿಸಿ. ಎತ್ತರ ಮೀಟರಿನಲ್ಲಿದ್ದರೆ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ಆಂಟೆನಾ ನೀರಿನಿಂದ 30 ಮೀಟರ್ ಮೇಲಿದೆ, ಶತ್ರು ಕ್ಷಿಪಣಿ ನೀರು ಸವರಿಕೊಂಡು 5 ಮೀಟರ್ ಎತ್ತರದಲ್ಲಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಲೆಕ್ಕ ಸುಮಾರು 32 ಕಿ.ಮೀ.ಗೆ ನಿಲ್ಲುತ್ತದೆ. ಅದಕ್ಕಿಂತ ಮುಂಚೆ ಹಡಗಿಗೆ ಆ ಕ್ಷಿಪಣಿ ಇಲ್ಲ.

ಎಕ್ಸೋಸೆಟ್‌ನಂಥ ಶಬ್ದವೇಗದ ಒಳಗಿನ ಕ್ಷಿಪಣಿ ಸೆಕೆಂಡಿಗೆ 300 ಮೀಟರ್ ಓಡುತ್ತದೆ. ಕಂಡ ಕ್ಷಣದಿಂದ ಬಡಿಯುವ ತನಕ ಒಂದೂಮುಕ್ಕಾಲು ನಿಮಿಷ. ಶಬ್ದದ ಎರಡೂವರೆ ಪಟ್ಟು ವೇಗದ್ದಾದರೆ ಸೆಕೆಂಡಿಗೆ 850 ಮೀಟರ್. ಆಗ ಇರುವುದು 37 ಸೆಕೆಂಡು.

ಈ 37 ಸೆಕೆಂಡು ಹೇಗೆ ಖರ್ಚಾಗುತ್ತದೆ ನೋಡಿ. ರೇಡಾರ್ ಮೂರು ನಾಲ್ಕು ಸಲ ಅದನ್ನೇ ಕಂಡ ಮೇಲೆ ‘ಇದು ಅಲೆಯಲ್ಲ, ಹಕ್ಕಿಯಲ್ಲ, ಗುರಿ’ ಎಂದು ಜಾಡು ಹಿಡಿಯುತ್ತದೆ. ಗುರುತಿಸಬೇಕು, ಅಪ್ಪಣೆಯಾಗಬೇಕು, ಕ್ಷಿಪಣಿ ಹೊರಬೀಳಬೇಕು. ಎಲ್ಲಾ ಸೇರಿ 8 ಸೆಕೆಂಡು ಎಂದುಕೊಂಡರೆ ಶತ್ರು 25 ಕಿ.ಮೀ.ಗೆ ಬಂದಾಯಿತು. ನಮ್ಮ ಕ್ಷಿಪಣಿ ಸರಾಸರಿ ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಎದುರು ಹೋದರೆ 14 ಸೆಕೆಂಡಿನಲ್ಲಿ, ಹಡಗಿನಿಂದ 13 ಕಿ.ಮೀ. ದೂರದಲ್ಲಿ ಎರಡೂ ಸಂಧಿಸುತ್ತವೆ. ತಪ್ಪಿದರೆ ಎರಡು ಸೆಕೆಂಡಿನಲ್ಲಿ ‘ತಪ್ಪಿತು’ ಎಂದು ತೀರ್ಮಾನಿಸಿ ಇನ್ನೊಂದನ್ನು ಬಿಡಬೇಕು. ಅದು ಸಂಧಿಸುವುದು ಐದಾರು ಕಿ.ಮೀ.ನಲ್ಲಿ. ಅಂದರೆ ಎರಡೇ ಅವಕಾಶ.

ಈಗ ಮೊದಲ ಎಂಟು ಸೆಕೆಂಡನ್ನು ಇಪ್ಪತ್ತು ಮಾಡಿ. ಆಪರೇಷನ್ ಕೋಣೆಯಲ್ಲಿ ಯಾರೋ ಒಬ್ಬರು ಹಿಂದೆಮುಂದೆ ನೋಡಿದರೆ ಸಾಕು, ಅಷ್ಟಾಗುತ್ತದೆ. ಮೊದಲ ಭೇಟಿಯೇ ಏಳೆಂಟು ಕಿ.ಮೀ.ಗೆ ಇಳಿಯುತ್ತದೆ. ಎರಡನೆಯದು ಮೂರು ಕಿ.ಮೀ. ಆಸುಪಾಸು, ಅಂದರೆ ದೊಡ್ಡ ಕ್ಷಿಪಣಿ ಕೆಲಸ ಮಾಡುವ ಕನಿಷ್ಠ ದೂರದ ಅಂಚಿನಲ್ಲಿ. ಇನ್ನೂ ಹತ್ತಿರ ಬಂದ ಮೇಲೆ ಹೊಡೆದು ಚೂರು ಮಾಡಿದರೂ ಆ ಚೂರುಗಳು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಮುಂದೆ ಬಂದು ಹಡಗಿಗೇ ಬಡಿಯುತ್ತವೆ. ಇವು ಅರ್ಥವಾಗಲೆಂದು ಹಾಕಿದ ದುಂಡು ಅಂಕಿಗಳು. ಯಾವ ಅಂಕಿಯನ್ನು ಚೂರು ಬದಲಿಸಿದರೂ ತಾತ್ಪರ್ಯ ಬದಲಾಗದು.

ಈಗ ಹಡಗಿಗೆ ಬರೋಣ. ಉದ್ದ ಸುಮಾರು 153 ಮೀಟರ್, ಅಗಲ 20 ಮೀಟರ್, ತುಂಬಿದಾಗ ತೂಕ 7,000 ಟನ್ನಿನ ಮೇಲೆ. ಇಷ್ಟು ದೊಡ್ಡದು ಯಾಕೆ ಎಂದರೆ ಮೊದಲ ಕಾರಣ ರೇಡಾರಿನ ಎತ್ತರ. ಟನ್ನುಗಟ್ಟಲೆ ತೂಕದ ಆಂಟೆನಾವನ್ನು ಕಂಬದ ತುದಿಗೆ ಏರಿಸಿದರೆ ಸಣ್ಣ ಹಡಗು ಓಲಾಡಿಬಿಡುತ್ತದೆ. ಕೆಳಗೆ ಅಗಲವೂ ಭಾರವೂ ಇದ್ದರೆ ಮಾತ್ರ ಮೇಲೆ ಎತ್ತರ ಸಾಧ್ಯ. ಎಷ್ಟು ಎತ್ತರವೋ ಅಷ್ಟು ದೂರದ ಕ್ಷಿತಿಜ, ಅಷ್ಟು ಸೆಕೆಂಡು ಲಾಭ.

ರೇಡಾರ್ ಎರಡಿವೆ, ಎರಡರ ಕೆಲಸ ಬೇರೆ ಬೇರೆ. ಮುಂಗಂಬದ ತುದಿಯಲ್ಲಿ ಬಿಳಿ ಚೆಂಡಿನಂಥ ಗೋಳದ ಒಳಗೆ ಇರುವುದು ಇಟಲಿಯ ಎಂಪಾರ್. ಒಂದೇ ಮುಖದ ಆಂಟೆನಾ, ನಿಮಿಷಕ್ಕೆ 60 ಸುತ್ತು ತಿರುಗುತ್ತದೆ, ಅಂದರೆ ಪ್ರತಿ ದಿಕ್ಕನ್ನೂ ಸೆಕೆಂಡಿಗೊಮ್ಮೆ ನೋಡುತ್ತದೆ. ಇದರ ರೇಡಿಯೋ ಅಲೆ ಐದಾರು ಸೆಂಟಿಮೀಟರ್ ಉದ್ದದ್ದು. ಹಿಂದೆ, ಹೆಲಿಕಾಪ್ಟರ್ ಹ್ಯಾಂಗರಿನ ಮುಂದೆ, ಕಪ್ಪು ಹಲಗೆಯಂತೆ ನಿಧಾನಕ್ಕೆ ಸುತ್ತುವುದು ಎಸ್ 1850 ಎಂ. ಇದು 400 ಕಿ.ಮೀ. ದೂರದ ವಿಮಾನಗಳನ್ನು ಕಾಣಬಲ್ಲದು, ಸಾವಿರದಷ್ಟು ಗುರಿಗಳ ಜಾಡು ಇಡಬಲ್ಲದು. ಆದರೆ ಒಂದು ಸುತ್ತಿಗೆ 5 ಸೆಕೆಂಡು. ಶಬ್ದದ ಎರಡೂವರೆ ಪಟ್ಟು ವೇಗದ ಕ್ಷಿಪಣಿ ಅಷ್ಟರಲ್ಲಿ ನಾಲ್ಕು ಕಿ.ಮೀ. ದಾಟಿರುತ್ತದೆ.

ಒಂದೇ ರೇಡಾರ್ ಎರಡೂ ಕೆಲಸ ಮಾಡಬಾರದೇ? ಇಲ್ಲಿ ಭೌತಶಾಸ್ತ್ರ ಅಡ್ಡ ಬರುತ್ತದೆ. ಉದ್ದ ಅಲೆಯ ರೇಡಾರಿಗೆ ದೂರ ಸುಲಭ, ಆದರೆ ನೀರಿನ ಹತ್ತಿರ ಅದು ಕುರುಡಾಗುತ್ತದೆ. ಗುರಿಯಿಂದ ನೇರ ಬರುವ ಮರುದನಿ ಒಂದು, ಸಮುದ್ರಕ್ಕೆ ತಾಗಿ ಪುಟಿದು ಬರುವುದು ಇನ್ನೊಂದು. ನೀರಿನ ಮಟ್ಟದಲ್ಲಿ ಇವೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಅಲೆಯ ಉದ್ದ ಹೆಚ್ಚಿದಷ್ಟೂ ಈ ಕತ್ತಲ ಪಟ್ಟಿ ದಪ್ಪವಾಗುತ್ತದೆ. ಗಿಡ್ಡ ಅಲೆಯ ಎಂಪಾರ್ ಕ್ಷಿತಿಜದ ಅಂಚನ್ನು ಕೆರೆದು ನೋಡಬಲ್ಲದು. ಹಾಗಾಗಿ ದೊಡ್ಡ ಕಣ್ಣು ದೂರದ ಮುಗಿಲಿಗೆ, ಚುರುಕು ಕಣ್ಣು ಹತ್ತಿರದ ನೀರಿಗೆ. ಜೊತೆಗೆ ಶಾಖ ಹಿಡಿಯುವ ಇನ್ಫ್ರಾರೆಡ್ ಕಣ್ಣೂ ಇದೆ. ರೇಡಾರ್ ಬಂದ್ ಮಾಡಿ ಮೌನವಾಗಿ ಸಾಗುವಾಗ ಅದರ ಬೆಲೆ ಗೊತ್ತಾಗುತ್ತದೆ.

ಇನ್ನು ಆಸ್ಟರ್ ಕ್ಷಿಪಣಿ. ಈ ಹಡಗಿನ ಜೀವ ಇರುವುದೇ ಇಲ್ಲಿ. ಮುಂದಿನ ಡೆಕ್ಕಿನಲ್ಲಿ ನೆಲಕ್ಕೆ ಹುದುಗಿಸಿದ ಸಿಲ್ವರ್ ಎ 50 ಲಾಂಚರ್, ಎಂಟೆಂಟು ಗೂಡುಗಳ ಆರು ಪೆಟ್ಟಿಗೆ, ಒಟ್ಟು 48. ವಾಡಿಕೆಯ ಹಂಚಿಕೆ 16 ಆಸ್ಟರ್ 15, 32 ಆಸ್ಟರ್ 30. ಚಿಕ್ಕದು 310 ಕೆ.ಜಿ. ತೂಕ, 30 ಕಿ.ಮೀ. ದಾಟಿ ಹೊಡೆಯುತ್ತದೆ. ದೊಡ್ಡದು 450 ಕೆ.ಜಿ., ಐದು ಮೀಟರಿಗೆ ಸ್ವಲ್ಪ ಕಡಿಮೆ ಉದ್ದ, ನೂರು ಕಿ.ಮೀ. ಆಚೆಗೂ ಹೋಗುತ್ತದೆ, ಶಬ್ದದ ನಾಲ್ಕೂವರೆ ಪಟ್ಟು ವೇಗ. ಕುತೂಹಲದ ವಿಷಯವೆಂದರೆ ಎರಡರ ಮೇಲಿನ ಅರ್ಧ ಒಂದೇ. ತಲೆ, ಸಿಡಿತಲೆ, ರೆಕ್ಕೆ, ಗಣಕ ಎಲ್ಲಾ ಒಂದೇ ಬಾಣ, ಕೆಳಗೆ ಕಟ್ಟಿರುವ ಬೂಸ್ಟರ್ (ಮೊದಲ ನೂಕು ಕೊಡುವ ರಾಕೆಟ್) ಮಾತ್ರ ಚಿಕ್ಕದು ಅಥವಾ ದೊಡ್ಡದು. ಕಾರ್ಖಾನೆಗೂ ಬಿಡಿಭಾಗದ ಉಗ್ರಾಣಕ್ಕೂ ಇದರಿಂದ ಆಗುವ ಅನುಕೂಲ ದೊಡ್ಡದು.

ಉಡಾವಣೆ ಹೀಗೆ ನಡೆಯುತ್ತದೆ. ಗೂಡಿನ ಮುಚ್ಚಳ ತೆರೆಯುತ್ತದೆ. ಬೂಸ್ಟರ್ ಗೂಡಿನ ಒಳಗೇ ಹೊತ್ತಿಕೊಳ್ಳುತ್ತದೆ. ಬೆಂಕಿ ಕೆಳಗೆ ಬಡಿದು, ಎಂಟು ಗೂಡಿಗೆ ಒಂದೇ ಇರುವ ಚಿಮಣಿಯಿಂದ ಮೇಲಕ್ಕೆ ಉಗುಳುತ್ತದೆ. ಆಸ್ಟರ್ ನೆಟ್ಟಗೆ ಮೇಲೆದ್ದು, ಬೂಸ್ಟರಿನ ನಳಿಕೆ ವಾಲಿಸಿ ಗುರಿಯ ಕಡೆಗೆ ಬಾಗುತ್ತದೆ. ಲಾಂಚರನ್ನು ಶತ್ರುವಿನ ದಿಕ್ಕಿಗೆ ತಿರುಗಿಸುವ ಕೆಲಸವೇ ಇಲ್ಲ, ಎಡದಿಂದ ಬಂದರೂ ಹಿಂದಿನಿಂದ ಬಂದರೂ ತಯಾರಿ ಒಂದೇ. ಕೆಲವೇ ಸೆಕೆಂಡಿನಲ್ಲಿ ಬೂಸ್ಟರ್ ಕಳಚಿ ಸಮುದ್ರಕ್ಕೆ ಬೀಳುತ್ತದೆ. ದಾರಿಯುದ್ದಕ್ಕೂ ಎಂಪಾರ್ ‘ಗುರಿ ಈಗ ಇಲ್ಲಿದೆ’ ಎಂದು ರೇಡಿಯೋದಲ್ಲಿ ಹೇಳುತ್ತಿರುತ್ತದೆ. ಹತ್ತಿರ ಹೋದ ಮೇಲೆ ಕ್ಷಿಪಣಿಯ ಮೂಗಿನಲ್ಲಿರುವ ಸ್ವಂತ ರೇಡಾರ್ ಎಚ್ಚೆತ್ತು ತಾನೇ ಬೇಟೆ ಹಿಡಿಯುತ್ತದೆ.

ಕೊನೆಯ ಒಂದು ಸೆಕೆಂಡಿನಲ್ಲಿ ನಡೆಯುವುದು ನೋಡುವಂಥದ್ದು. ಸಾಮಾನ್ಯ ಕ್ಷಿಪಣಿ ಪಕ್ಕಕ್ಕೆ ಸರಿಯಬೇಕಾದರೆ ಮೊದಲು ಬಾಲದ ರೆಕ್ಕೆ ತಿರುಗಿಸಿ ಮೂಗು ಓರೆ ಮಾಡಬೇಕು, ಆ ಓರೆಗೆ ಗಾಳಿ ಒತ್ತಬೇಕು, ಆಮೇಲೆ ಮೈ ಸರಿಯುತ್ತದೆ. ಈ ತಡ ಸೆಕೆಂಡಿನ ಸಣ್ಣ ಪಾಲು ಇರಬಹುದು, ಆದರೆ ಎದುರುಬದುರು ವೇಗ ಸೆಕೆಂಡಿಗೆ ಎರಡು ಕಿ.ಮೀ. ಇರುವಾಗ ಹತ್ತನೇ ಒಂದು ಸೆಕೆಂಡು ಎಂದರೆ ಇನ್ನೂರು ಮೀಟರ್. ಆಸ್ಟರ್‌ನಲ್ಲಿ ರೆಕ್ಕೆಯ ಜೊತೆಗೆ, ತೂಕದ ನಡುಬಿಂದುವಿನ ಹತ್ತಿರ ಪಕ್ಕಕ್ಕೆ ಅನಿಲ ಚಿಮ್ಮುವ ರಂಧ್ರಗಳಿವೆ. ಅವು ಚಿಮ್ಮಿದರೆ ಮೂಗು ತಿರುಗಿಸದೆಯೇ ಇಡೀ ಬಾಣ ಪಕ್ಕಕ್ಕೆ ಜಿಗಿಯುತ್ತದೆ. ಬಳುಕುವ ಗುರಿಯ ತೀರಾ ಪಕ್ಕ ಹೋಗಿ ಸಿಡಿಯಲು ಸಾಧ್ಯವಾದದ್ದು ಇದರಿಂದ, 15 ಕೆ.ಜಿ.ಯಷ್ಟು ಸಣ್ಣ ಸಿಡಿತಲೆ ಸಾಕಾದದ್ದೂ ಇದರಿಂದಲೇ.

ಹಿಂದಿನ ಪೀಳಿಗೆಯನ್ನು ನೆನೆದರೆ ಇದು ಎಂಥ ನೆಗೆತ ಎಂದು ತಿಳಿಯುತ್ತದೆ. ಕಸ್ಸಾರ್, ಜ್ಯಾಂ ಬಾರ್ ಎಂಬ ಎರಡು ಫ್ರಿಗೇಟುಗಳು (ಮಧ್ಯಮ ಗಾತ್ರದ ಯುದ್ಧನೌಕೆಗಳು) 1988 ಮತ್ತು 1991ರಲ್ಲಿ ಸೇವೆಗೆ ಬಂದವು. ಅವುಗಳಲ್ಲಿದ್ದದ್ದು ಅಮೆರಿಕದ ಸ್ಟ್ಯಾಂಡರ್ಡ್ ಎಸ್‌ಎಂ 1. ಅದನ್ನು ಹಾರಿಸುವ ಒಂದೇ ಕೈಯ ಲಾಂಚರನ್ನು ಹಳೆಯ ಹಡಗುಗಳಿಂದ ಬಿಚ್ಚಿ ತಂದು ಕೂರಿಸಿದ್ದರು. ಆ ಕ್ಷಿಪಣಿಗೆ ಸ್ವಂತ ಕಣ್ಣಿಲ್ಲ. ಹಡಗಿನಿಂದ ಒಂದು ರೇಡಾರ್ ಕೊನೆಯ ತನಕ ಗುರಿಗೆ ಬೆಳಕು ಹಿಡಿದಿರಬೇಕು. ಅಂಥ ದೀಪಗಳು ಎರಡೇ ಇದ್ದವು, ಹಾಗಾಗಿ ಒಮ್ಮೆಗೆ ಎರಡೇ ಗುರಿ. ಮೂರನೆಯದು ಬಂದರೆ ಕಾಯಬೇಕು, ಆದರೆ ಬರುವವನು ಕಾಯುವುದಿಲ್ಲ. ಕಸ್ಸಾರ್ 2019ರಲ್ಲಿ, ಜ್ಯಾಂ ಬಾರ್ 2021ರಲ್ಲಿ ನಿವೃತ್ತವಾದವು.

ನಿಮ್ಮ ನೇರ ಪ್ರಶ್ನೆ: ಸೂಪರ್‌ಸಾನಿಕ್ ಕ್ಷಿಪಣಿಯನ್ನು ತಡೆಯುತ್ತದೆಯೇ? 2012ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಆಚೆ ಫೋರ್ಬಿನ್ ಅದನ್ನು ಮಾಡಿ ತೋರಿಸಿತು. ಅಮೆರಿಕದ ಕಯೋಟಿ ಎಂಬ ಗುರಿ-ಕ್ಷಿಪಣಿ, ನೀರಿನಿಂದ 5 ಮೀಟರಿಗಿಂತ ಕೆಳಗೆ, ಶಬ್ದದ ಎರಡೂವರೆ ಪಟ್ಟು ವೇಗ. ಒಂದು ಆಸ್ಟರ್ 30 ಅದನ್ನು ಕೆಡವಿತು. ಯುರೋಪಿನಲ್ಲಿ ಅಂಥ ಗುರಿಯನ್ನು ಹೊಡೆದದ್ದು ಅದೇ ಮೊದಲು. ಮೇಲಿನ ಲೆಕ್ಕಕ್ಕೆ ನಾನು ಅದೇ ಎತ್ತರ, ಅದೇ ವೇಗ ತೆಗೆದುಕೊಂಡದ್ದು ಇದಕ್ಕಾಗಿಯೇ. ಆದರೆ ಪರೀಕ್ಷೆಯಲ್ಲಿ ಗುರಿ ಒಂದು, ಬರುವ ಹೊತ್ತು ಗೊತ್ತು, ಸುತ್ತಲಿನ ಸಮುದ್ರ ಖಾಲಿ. ನಾಲ್ಕು ದಿಕ್ಕಿನಿಂದ ಎಂಟು ಒಟ್ಟಿಗೆ ಬಂದರೆ ಕಥೆ ಬೇರೆ. ಒಂದನ್ನು ತಡೆಯಬಲ್ಲದು, ಹಲವನ್ನು ತಡೆಯುವ ಸಾಧ್ಯತೆ ಚೆನ್ನಾಗಿದೆ, ಗುಂಪಾಗಿ ಬಂದರೆ ಯಾವ ಹಡಗೂ ಮಾತು ಕೊಡಲಾರದು. ಪ್ರಾಮಾಣಿಕ ಉತ್ತರ ಇಷ್ಟೇ.

ಕ್ಷಿತಿಜವನ್ನು ಹಿಂದಕ್ಕೆ ತಳ್ಳುವ ಇನ್ನೊಂದು ದಾರಿ ಇದೆ: ಕಣ್ಣನ್ನು ಹಡಗಿನಿಂದ ಕಳಚಿ ಆಕಾಶಕ್ಕೆ ಏರಿಸುವುದು. ಫೋರ್ಬಿನ್ ಕಟ್ಟಿದ್ದು ಮುಖ್ಯವಾಗಿ ‘ಚಾರ್ಲ್ಸ್ ದ ಗಾಲ್’ ವಿಮಾನವಾಹಕ ನೌಕೆಯ ಕಾವಲಿಗೆ. ಆ ನೌಕೆಯಿಂದ ಹಾಕ್‌ಐ ರೇಡಾರ್ ವಿಮಾನಗಳು ಹಾರುತ್ತವೆ. ಏಳೂವರೆ ಸಾವಿರ ಮೀಟರ್ ಎತ್ತರದಿಂದ ಅದೇ ಸೂತ್ರ ಹಾಕಿ ನೋಡಿ, 5 ಮೀಟರಿನ ಗುರಿಗೂ 360 ಕಿ.ಮೀ. ಮೀರಿ ಬರುತ್ತದೆ. ಹಾಕ್‌ಐ ಕಂಡದ್ದು ಲಿಂಕ್ 16 ಎಂಬ ರೇಡಿಯೋ ಮಾಹಿತಿ ಜಾಲದ ಮೂಲಕ ಫೋರ್ಬಿನ್ನಿನ ಪರದೆಗೆ ಬಂದು ಕೂರುತ್ತದೆ. ಕ್ಷಿಪಣಿ ಕ್ಷಿತಿಜದಲ್ಲಿ ತಲೆ ಎತ್ತುವ ಹೊತ್ತಿಗೆ ಗುರುತಿಸುವುದು, ಅಪ್ಪಣೆ ಪಡೆಯುವುದು ಮುಗಿದಿರುತ್ತದೆ. ಮೇಲಿನ 8 ಸೆಕೆಂಡು ನಿಜವಾಗುವುದು ಹೀಗೆ. ಇದೇ ಹಡಗನ್ನು ಒಂಟಿಯಾಗಿ ಕಳಿಸಿದರೆ ಅದು ಇಪ್ಪತ್ತು ಸೆಕೆಂಡಿನ ಕಡೆಗೆ ಜಾರುತ್ತದೆ. ಸುತ್ತ ಇರುವ ಗೆಳೆಯರಿಂದಲೇ ವಾಯುರಕ್ಷಣಾ ಹಡಗಿನ ಅರ್ಧ ಶಕ್ತಿ ಬರುವುದು, ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ.

ಎರಡೇ ಯಾಕೆ ಎಂಬುದಕ್ಕೆ ಉತ್ತರ ಹಣ ಮತ್ತು ಜಗಳ. ಇದು ಬ್ರಿಟನ್, ಫ್ರಾನ್ಸ್, ಇಟಲಿ ಮೂರೂ ಸೇರಿ ಶುರುಮಾಡಿದ ‘ಹೊರೈಜನ್’ ಯೋಜನೆ. ಬ್ರಿಟನ್ನಿಗೆ ಬೇರೆಯೇ ಹಡಗು ಬೇಕಿತ್ತು, ಕೆಲಸ ಯಾರಿಗೆ ಎಷ್ಟು ಎನ್ನುವುದರಲ್ಲೂ ಒಮ್ಮತ ಬರಲಿಲ್ಲ. 1999ರಲ್ಲಿ ಅದು ಹೊರನಡೆದು ತನ್ನದೇ ಟೈಪ್ 45 ಕಟ್ಟಿಕೊಂಡಿತು, ಆದರೆ ಆಸ್ಟರ್ ಕ್ಷಿಪಣಿಯನ್ನು ಉಳಿಸಿಕೊಂಡಿತು. ಫ್ರಾನ್ಸ್ ಮತ್ತು ಇಟಲಿ ತಲಾ ಎರಡು ಕಟ್ಟಿದವು. ಫ್ರಾನ್ಸಿನ ಎರಡೂ ಬ್ರಿಟನಿ ಪ್ರಾಂತ್ಯದ ಲೋರಿಯಾಂ ಹಡಗುಕಟ್ಟೆಯವು. ಫೋರ್ಬಿನ್ 2005ರ ಮಾರ್ಚ್‌ನಲ್ಲಿ ನೀರಿಗಿಳಿದು 2010ರಲ್ಲಿ ಪೂರ್ಣ ಸೇವೆಗೆ ಬಂತು, ಷೆವಾಲಿಯೆ ಪೋಲ್ 2006ರಲ್ಲಿ ಇಳಿದು 2011ರಲ್ಲಿ. ಎರಡರ ತವರು ಬಂದರು ತೂಲಾನ್. ಇನ್ನೆರಡು ಬೇಕೆಂದಿದ್ದರೂ ವೆಚ್ಚ ತಡೆಯಲಾರದೆ ಕೈಬಿಟ್ಟರು. ಅವುಗಳ ಬದಲಿಗೆ, ಆಗಲೇ ಕಟ್ಟುತ್ತಿದ್ದ ಫ್ರೆಮ್ ಎಂಬ ದರ್ಜೆಯ ಫ್ರಿಗೇಟುಗಳಲ್ಲಿ ಕೊನೆಯ ಎರಡನ್ನು ವಾಯುರಕ್ಷಣೆಗೆ ಮಾರ್ಪಡಿಸಿದರು. ಅವೇ 2021ರಲ್ಲಿ ಬಂದ ಅಲ್ಸಾಸ್, 2022ರಲ್ಲಿ ಬಂದ ಲೊರೇನ್. ಅವುಗಳಲ್ಲಿ 32 ಗೂಡು, ಹೆರಾಕ್ಲೆಸ್ ಎಂಬ ಒಂದೇ ಮುಖ್ಯ ರೇಡಾರ್. ದೂರದ ದೊಡ್ಡ ಕಣ್ಣು ಇಲ್ಲ. ಇದು ರಾಜಿ ಹೌದು, ಆದರೆ ಒಳ್ಳೆಯ ರಾಜಿ ಎಂದು ಕೆಂಪು ಸಮುದ್ರ ತೋರಿಸಿತು.

ಎಂಜಿನ್ ವಿಷಯ ಚುಟುಕಾಗಿ: ನಿಧಾನಕ್ಕೆ ಎರಡು ಡೀಸೆಲ್, ಓಟಕ್ಕೆ ಎರಡು ಎಲ್‌ಎಂ 2500 ಗ್ಯಾಸ್ ಟರ್ಬೈನ್. ಇದು ಅಥವಾ ಅದು, ಎರಡೂ ಒಟ್ಟಿಗೆ ಅಲ್ಲ. ವೇಗ 29 ನಾಟ್ ದಾಟುತ್ತದೆ. 18 ನಾಟ್‌ನಲ್ಲಿ 7,000 ನಾಟಿಕಲ್ ಮೈಲು, ಅಂದರೆ ಎಣ್ಣೆ ತುಂಬಿಸದೆ ಹದಿನಾರು ದಿನ. ಇದೇ ಎಲ್‌ಎಂ 2500 ಟರ್ಬೈನನ್ನು ನಮ್ಮ ಶಿವಾಲಿಕ್ ದರ್ಜೆಯ ಫ್ರಿಗೇಟುಗಳಿಗೂ ವಿಕ್ರಾಂತ್‌ಗೂ ಜೋಡಿಸಿಕೊಟ್ಟದ್ದು ಬೆಂಗಳೂರಿನ ಎಚ್‌ಎಎಲ್.

ಈಗ ಸೇವೆ. 2011ರ ಮಾರ್ಚ್‌ನಲ್ಲಿ ಲಿಬಿಯಾ ಕಾರ್ಯಾಚರಣೆ ಶುರುವಾದ ದಿನಗಳಲ್ಲೇ ಫೋರ್ಬಿನ್ ಆ ಕರಾವಳಿಯ ಆಚೆ ನಿಂತಿತ್ತು. ಗಗನದಲ್ಲಿ ಹಲವು ದೇಶಗಳ ವಿಮಾನಗಳು. ಯಾರು ಎಲ್ಲಿ, ಯಾವ ಎತ್ತರದಲ್ಲಿ ಎಂದು ನೋಡಿ ದಾರಿ ಹೇಳುವುದೂ ಇಂಥ ಹಡಗಿನ ದೊಡ್ಡ ಕೆಲಸ. ಕ್ಷಿಪಣಿ ಹಾರಿಸಿದ ದಿನ ಸುದ್ದಿಯಾಗುತ್ತದೆ, ಹಾರಿಸದೆ ಕಾದ ನೂರು ದಿನ ಸುದ್ದಿಯಾಗುವುದಿಲ್ಲ. 2015ರಲ್ಲಿ ಷೆವಾಲಿಯೆ ಪೋಲ್ ಚಾರ್ಲ್ಸ್ ದ ಗಾಲ್ ಜೊತೆ ಪರ್ಷಿಯನ್ ಕೊಲ್ಲಿಗೆ ಹೋಯಿತು, ವಿಮಾನಗಳು ಇರಾಕಿನ ಐಸಿಸ್ ನೆಲೆಗಳ ಮೇಲೆ ಹಾರುತ್ತಿದ್ದಾಗ ಕಾವಲು ಕಾದಿತು. 2020ರಲ್ಲಿ ಅದೇ ಜೋಡಿ ಅಟ್ಲಾಂಟಿಕ್‌ನಲ್ಲಿದ್ದಾಗ ಕೋವಿಡ್ ಒಳಹೊಕ್ಕಿತು. ಗುಂಪಿನ ಸಾವಿರಕ್ಕೂ ಹೆಚ್ಚು ನಾವಿಕರಿಗೆ ಸೋಂಕು ತಗುಲಿ ಏಪ್ರಿಲ್‌ನಲ್ಲಿ ತೂಲಾನ್‌ಗೆ ಮರಳಬೇಕಾಯಿತು. ಕಿಟಕಿಯಿಲ್ಲದ ಕೋಣೆ, ಒಂದೇ ಗಾಳಿ ಕೊಳವೆ, ಪಾಳಿಯ ಮೇಲೆ ಪಾಳಿ. ಹಡಗಿನ ಒಳಗಿನ ಬದುಕು ಎಷ್ಟು ಇಕ್ಕಟ್ಟಿನದು ಎಂದು ಆಗ ಹೊರಗಿನವರಿಗೆ ತಿಳಿಯಿತು.

2023ರ ಕೊನೆಗೆ ಕೆಂಪು ಸಮುದ್ರ. ಯೆಮೆನ್‌ನ ಹೂತಿಗಳು ವ್ಯಾಪಾರಿ ಹಡಗುಗಳ ಮೇಲೆ ಡ್ರೋನು, ಕ್ಷಿಪಣಿ ಬಿಡಲು ಶುರುಮಾಡಿದರು. ಡಿಸೆಂಬರ್ 9ರಂದು ಸಾಧಾರಣ ಫ್ರೆಮ್ ಫ್ರಿಗೇಟ್ ಲಾಂಗ್‌ಡಾಕ್ ಎರಡು ಡ್ರೋನುಗಳನ್ನು ಆಸ್ಟರ್ 15ರಿಂದ ಕೆಡವಿತು. 2024ರ ಮಾರ್ಚ್‌ನಲ್ಲಿ ಅಲ್ಸಾಸ್ ಮೂರು ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ಆಸ್ಟರ್ 30ರಿಂದ ಹೊಡೆಯಿತು. ಇಲ್ಲಿ ನಮ್ಮ ಕ್ಷಿತಿಜದ ಲೆಕ್ಕ ತಲೆಕೆಳಗು. ಬ್ಯಾಲಿಸ್ಟಿಕ್ ಕ್ಷಿಪಣಿ ಅಡಗಿಕೊಂಡು ಬರುವುದಿಲ್ಲ, ಎತ್ತರಕ್ಕೆ ಏರಿ ನೆತ್ತಿಯ ಮೇಲಿಂದ ಬೀಳುತ್ತದೆ. ಬೇಗ ಕಾಣುತ್ತದೆ, ಆದರೆ ಬೀಳುವ ವೇಗ ಭಯಂಕರ, ಕೋನ ಕಡಿದು. ಹಡಗಿನ ಕ್ಷಿಪಣಿಗಳು ನಿಜ ಯುದ್ಧದಲ್ಲಿ ಅದನ್ನು ತಡೆದ ಉದಾಹರಣೆ ಅಲ್ಲಿಯವರೆಗೆ ತೀರಾ ಅಪರೂಪ.

ಅದೇ ವಾರ ಅಲ್ಸಾಸ್‌ನ ಹೆಲಿಕಾಪ್ಟರ್ ಒಂದು ಡ್ರೋನಿನ ಪಕ್ಕದಲ್ಲೇ ಹಾರಿ, ಬಾಗಿಲಲ್ಲಿ ಕೂತವನ 7.62 ಮಿ.ಮೀ. ಮಷಿನ್‌ಗನ್ನಿನಿಂದ ಅದನ್ನು ಕೆಡವಿತು. ಇದನ್ನು ಸಣ್ಣದೆಂದು ತಿಳಿಯಬೇಡಿ. ಒಂದು ಆಸ್ಟರಿನ ಬೆಲೆ ಹತ್ತು ಲಕ್ಷ ಯೂರೋ ಮಟ್ಟದ್ದು, ಡ್ರೋನಿನದು ಅದರ ಸಣ್ಣ ಚೂರು. ಬೆಲೆಗಿಂತ ಗಟ್ಟಿಯಾದ ತೊಂದರೆ ಇನ್ನೊಂದಿದೆ: ಖಾಲಿಯಾದ ಗೂಡನ್ನು ಸಮುದ್ರದಲ್ಲಿ ತುಂಬಲಾಗದು. ಅರ್ಧ ಟನ್ನಿನ ಕ್ಷಿಪಣಿ ಪೆಟ್ಟಿಗೆಯನ್ನು ನೆಟ್ಟಗೆ ಎತ್ತಿ ಕಿರಿದಾದ ಗೂಡಿಗೆ ಇಳಿಸಬೇಕು. ಅಲೆಗೆ ಹಡಗು ಒಂದಡಿ ವಾಲಿದರೂ ಪೆಟ್ಟಿಗೆ ಅಂಚಿಗೆ ಬಡಿಯುತ್ತದೆ. ಕ್ರೇನ್ ಇರುವ ಶಾಂತ ಬಂದರೇ ಬೇಕು. ಇಲ್ಲಿ ನಿಮ್ಮ 48ಕ್ಕೆ ಮರಳುತ್ತೇನೆ. ಒಂದು ಗುರಿಗೆ ಎರಡೆರಡು ಬಿಟ್ಟರೆ 48 ಎಂದರೆ 24 ಗುರಿ, ಅಲ್ಸಾಸ್‌ಗೆ 16. ನಿಮ್ಮ ಆಕ್ಷೇಪ ಈ ಲೆಕ್ಕದಲ್ಲಿ ಪೂರಾ ಸರಿ. ಗೂಡು ಕಡಿಮೆಯೇ, ಈ ಹಡಗುಗಳನ್ನು ಯೋಚಿಸಿದ ಕಾಲದಲ್ಲಿ ಅಗ್ಗದ ಡ್ರೋನುಗಳ ಹಿಂಡು ಯಾರ ಎಣಿಕೆಯಲ್ಲೂ ಇರಲಿಲ್ಲ.

ಅದಕ್ಕೇ ಫಿರಂಗಿಗಳ ಮಾತು. ಫೋರ್ಬಿನ್ನಿನ ಮುಂಭಾಗದಲ್ಲಿ ಅಕ್ಕಪಕ್ಕ ಎರಡು 76 ಮಿ.ಮೀ. ಸೂಪರ್ ರ‍್ಯಾಪಿಡ್ ಇವೆ. ನಿಮಿಷಕ್ಕೆ 120 ಗುಂಡು, ಒಂದೊಂದು ಗುಂಡು 6 ಕೆ.ಜಿ. ಸಿದ್ಧವಾಗಿ ಇರುವುದು ಸುಮಾರು 80, ಅಂದರೆ ಒತ್ತಿ ಹಿಡಿದರೆ ನಲವತ್ತು ಸೆಕೆಂಡು. ಡ್ರೋನಿಗೆ ಇದು ಸರಿಯಾದ ಮದ್ದು. ಆದರೆ ಎರಡೂ ಮುಂದೆಯೇ ಇವೆ. ಇಟಲಿಯವರು ತಮ್ಮ ಹಡಗುಗಳಲ್ಲಿ ಹ್ಯಾಂಗರಿನ ಮೇಲೆ ಮೂರನೆಯದನ್ನು ಇಟ್ಟರು, ಫ್ರೆಂಚರು ಇಡಲಿಲ್ಲ. ಹಾಗಾಗಿ ನೇರ ಹಿಂದಿನಿಂದ ಬರುವುದಕ್ಕೆ ಫಿರಂಗಿ ತಿರುಗದು, ಹಡಗನ್ನೇ ತಿರುಗಿಸಬೇಕು. ಈ ವಿನ್ಯಾಸದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು.

ಎರಡನೇ ಕೊರತೆ ಎಂಪಾರ್ ಒಂದೇ ಇರುವುದು. ಹುಡುಕುವುದೂ ಅದೇ, ಕ್ಷಿಪಣಿಗೆ ದಾರಿ ಹೇಳುವುದೂ ಅದೇ. ತಿರುಗುವ ಬೇರಿಂಗು, ಮೋಟಾರು ಕೈಕೊಟ್ಟರೆ ಎಸ್ 1850 ಎಂ ದೂರದ ಚಿತ್ರ ಕೊಡುತ್ತಲೇ ಇರುತ್ತದೆ, ಆದರೆ ಕ್ಷಿಪಣಿಯ ಕೈ ಹಿಡಿಯುವವರು ಇಲ್ಲ. ಉಪ್ಪುಗಾಳಿಯಲ್ಲಿ ಸೆಕೆಂಡಿಗೊಂದು ಸುತ್ತು, ಎಂದರೆ ದಿನಕ್ಕೆ 86,400 ಸುತ್ತು ತಿರುಗುವ ಯಂತ್ರವನ್ನು ತಿಂಗಳುಗಟ್ಟಲೆ ನಡೆಸುವ ತಂತ್ರಜ್ಞರ ಕೆಲಸಕ್ಕೆ ನಾವು ಕೊಡುವ ಗೌರವ ಸಾಲದು.

ಮೂರನೆಯದು ಗುರುತಿನ ಕಷ್ಟ. ಅದು ಈ ಹಡಗೊಂದರದಲ್ಲ, ಎಲ್ಲರದೂ. ಕೆಂಪು ಸಮುದ್ರದ ಮೇಲೆ ಪ್ರಯಾಣಿಕರ ವಿಮಾನಗಳು ಹಾರುತ್ತವೆ, ನೀರಿನಲ್ಲಿ ಮೀನುಗಾರರ ದೋಣಿಗಳಿವೆ. ಪರದೆಯ ಮೇಲಿನ ಚುಕ್ಕೆ ಡ್ರೋನೋ ಬೇರೆಯೋ ಎಂದು ಹೇಳಲು ವೇಗ, ಎತ್ತರ, ವಾಯುಮಾರ್ಗ, ಗುರುತು-ಸಂಕೇತದ ಉತ್ತರ, ಕ್ಯಾಮೆರಾ ಚಿತ್ರ ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು. ತಪ್ಪಿದರೆ ಸಾಯುವವರು ಅಮಾಯಕರು. ಸೆಕೆಂಡು ಉಳಿಸಬೇಕೆಂದು ನಾನು ಇಷ್ಟು ಹೊತ್ತು ಹೇಳಿದ್ದರ ಅರ್ಥ ಬೇಗ ಹೊಡೆಯಲಿ ಎಂದಲ್ಲ. ಉಳಿಸಿದ ಸೆಕೆಂಡನ್ನು ಸರಿಯಾಗಿ ಗುರುತಿಸುವುದಕ್ಕೆ ಖರ್ಚು ಮಾಡಲಿ ಎಂದು.

2024ರ ಆಗಸ್ಟ್‌ನಲ್ಲಿ ಷೆವಾಲಿಯೆ ಪೋಲ್ ಅಲ್ಲೇ ಗಸ್ತಿನಲ್ಲಿತ್ತು. ದಾಳಿಗೆ ಸಿಕ್ಕು ಎಂಜಿನ್ ನಿಂತು ತೇಲುತ್ತಿದ್ದ ಸೂನಿಯನ್ ಎಂಬ ತೈಲ ಹಡಗಿನ 29 ಜನರನ್ನು ಅದು ಇಳಿಸಿಕೊಂಡಿತು. ದಾರಿಯಲ್ಲಿ, ಸ್ಫೋಟಕ ತುಂಬಿ ಬಿಟ್ಟಿದ್ದ ಚಾಲಕರಹಿತ ದೋಣಿಯೊಂದನ್ನು ಒಡೆದುಹಾಕಿತು. ಆಕಾಶ ಕಾಯಲು ಕಟ್ಟಿದ ಹಡಗಿಗೆ ಒದಗಿದ ಶತ್ರು ನೀರಿನ ಮೇಲಿನದು, ಒದಗಿದ ಕೆಲಸ ಜೀವ ಉಳಿಸುವುದು.

ಕೋಲ್ಕತ್ತಾ ಜೊತೆ ಹೋಲಿಕೆ ಕೇಳಿದ್ದೀರಿ. ನಮ್ಮ ಹಡಗಿನ ಎಂಎಫ್-ಸ್ಟಾರ್ ರೇಡಾರ್ ತಿರುಗುವುದಿಲ್ಲ. ನಾಲ್ಕು ಮುಖ, ನಾಲ್ಕೂ ದಿಕ್ಕು, ಎಲ್ಲ ಹೊತ್ತೂ ನೋಟ. ಈ ಒಂದು ವಿಷಯದಲ್ಲಿ ಅದು ಎಂಪಾರ್‌ಗಿಂತ ಮುಂದಿನ ಪೀಳಿಗೆಯದು, ಒಂದು ಮುಖ ಕೆಟ್ಟರೂ ಉಳಿದ ಮೂರು ದಿಕ್ಕು ಉಳಿಯುತ್ತವೆ. ಕ್ಷಿಪಣಿ 32 ಬರಾಕ್ 8, ಅದಕ್ಕೂ ಮೂಗಿನಲ್ಲಿ ಸ್ವಂತ ರೇಡಾರ್ ಇದೆ. ಆಸ್ಟರ್ 30ರ ಕೈ ಅದಕ್ಕಿಂತ ಉದ್ದ, ಗೂಡೂ ಹದಿನಾರು ಹೆಚ್ಚು. ಆದರೆ ಕೋಲ್ಕತ್ತಾದಲ್ಲಿ 16 ಬ್ರಹ್ಮೋಸ್ ಇವೆ, ಅದು ಹೊಡೆಯುವುದಕ್ಕೂ ಹೊರಟ ಹಡಗು. ಫೋರ್ಬಿನ್ನಿನಲ್ಲಿ 8 ಎಕ್ಸೋಸೆಟ್ ಇದ್ದರೂ ಅದರ ಮನಸ್ಸು ಕಾವಲಿನದು. ಒಂದು ಹೆಚ್ಚು ಒಂದು ಕಡಿಮೆ ಎನ್ನುವುದಕ್ಕಿಂತ, ಬೇರೆ ಬೇರೆ ಕೆಲಸಕ್ಕೆ ಹೊಲಿದ ಎರಡು ಅಂಗಿ ಎನ್ನುವುದು ಸರಿ.

ಮುಂದೇನು ಎಂದರೆ, ನಾಲ್ಕೂ ಹೊರೈಜನ್ ಹಡಗುಗಳ ನಡುವಯಸ್ಸಿನ ನವೀಕರಣಕ್ಕೆ 2023ರ ಜುಲೈನಲ್ಲಿ ಒಪ್ಪಂದವಾಗಿದೆ. ಎಂಪಾರ್ ಜಾಗಕ್ಕೆ ಕ್ರೋನೋಸ್ ಎಂಬ ಹೊಸ ರೇಡಾರ್, ದೂರದ ರೇಡಾರೂ ಹೊಸದು, ಜೊತೆಗೆ ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಹೇಳಿ ಮಾಡಿಸಿದ ಹೊಸ ಕಣ್ಣಿನ ಆಸ್ಟರ್ 30 ಬಿ1 ಎನ್‌ಟಿ.

ನಮ್ಮ ಕಡಲಿನಲ್ಲಿ ಇವುಗಳನ್ನು ನೋಡುವ ಅವಕಾಶ ಆಗಾಗ ಬರುತ್ತದೆ. 2019ರ ಮೇ ತಿಂಗಳ ವರುಣದಲ್ಲಿ ಗೋವಾದ ಆಚೆ ಫೋರ್ಬಿನ್ ಇತ್ತು, ಎದುರಿಗೆ ಕಾರವಾರದ ಕದಂಬ ನೌಕಾನೆಲೆಯ ವಿಕ್ರಮಾದಿತ್ಯ. 2021ರ ಏಪ್ರಿಲ್‌ನಲ್ಲಿ ಅರಬ್ಬೀ ಸಮುದ್ರಕ್ಕೆ ಷೆವಾಲಿಯೆ ಪೋಲ್ ಬಂತು. 2025ರ ಜನವರಿಯಲ್ಲಿ ಫೋರ್ಬಿನ್, ಅಲ್ಸಾಸ್ ಎರಡೂ ಕೊಚ್ಚಿಗೆ ಬಂದವು. ಮುಂದಿನ ಸಲ ಚಿತ್ರ ಸಿಕ್ಕರೆ ಪಕ್ಕದ ಅಂಕಿ ನೋಡಿ: ಡಿ 620 ಫೋರ್ಬಿನ್, ಡಿ 621 ಷೆವಾಲಿಯೆ ಪೋಲ್, ಡಿ 656 ಅಲ್ಸಾಸ್. ಅಂಕಿ ಕಾಣದಿದ್ದರೆ ಮುಂಗಂಬದ ಮೇಲೆ ಬಿಳಿ ಚೆಂಡು, ಹಿಂದೆ ಕಪ್ಪು ಹಲಗೆ, ಮುಂದೆ ಜೋಡಿ ಫಿರಂಗಿ ಇದೆಯೇ ನೋಡಿ. ಮೂರೂ ಇದ್ದರೆ ಅದು ಹೊರೈಜನ್. ಹ್ಯಾಂಗರಿನ ಮೇಲೆ ಮೂರನೇ ಫಿರಂಗಿಯೂ ಕಂಡರೆ ಅದು ಫ್ರಾನ್ಸಿನದಲ್ಲ, ಇಟಲಿಯ ಆಂಡ್ರಿಯಾ ಡೋರಿಯಾ ಅಥವಾ ಕಾಯೋ ದುಯಿಲಿಯೋ.